ಬಾಲಪ್ರಬಂಧಗಳಲ್ಲಿ ಪೀಠಿಕೆಯ ವಿಚಾರ

ನಮ್ಮ ಶಾಲೆಗಳಲ್ಲಿ ಪ್ರಬಂಧವೆಂದರೆ ಪೀಠಿಕೆ, ವಿಷಯನಿರೂಪಣೆ, ಉಪಸಂಹಾರ ಎಂಬ ಮೂರು ಅಂಗಗಳುಳ್ಳದ್ದೆಂದು ಮಕ್ಕಳಿಗೆ ಬೋಧಿಸುವುದು ವಾಡಿಕೆಯಾಗಿದೆ. ಈ ವಿಭಾಗಕ್ರಮದಲ್ಲಿ ದೋಷವೇನೂ ಇಲ್ಲ. ಆದರೆ ಮೊದಲನೆಯ ಅಂಗವು ಹುಟ್ಟುವ ಬಗೆಯನ್ನು ಹೇಳಿಕೊಡುವವರು ವಿರಳ. ಸಿದ್ಧವಾದುದನ್ನು ಕೊಟ್ಟುಬಿಡುವವರೇ ಬಹಳ. ಗಾದೆಯನ್ನು ವಿಸ್ತರಿಸಿರೆಂದರೆ ಸಾಕು, ತರಗತಿಯ 40 ಮಕ್ಕಳೂ "ವೇದ ಸುಳ್ಳಾದರೂ ಗಾದೆ ಸುಳ್ಳಾಗದು" ಎಂದೇ ತೊಡಗುವರು. (ವೇದಕ್ಕೆ ಇದರಿಂದ ಹಾನಿಯೇನೂ ಇಲ್ಲ, ಹಾನಿಯಿರುವುದು ಮಕ್ಕಳಿಗೆ.) ಗಾದೆಯು "ಕೈ ಕೆಸರಾದರೆ ಬಾಯಿ ಮೊಸರು" ಎಂಬುದಾಗಲಿ, "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂಬುದಾಗಲಿ, ಮುಂಡಗಳು ಬೇರೆಯಾದರೂ ತಲೆ ಮಾತ್ರ ಒಂದೇ.

ಹಸುವಿನ ಪ್ರಬಂಧವನ್ನು ನೋಡೋಣ. "ಹಸುವು ಒಂದು ಸಾಕುಪ್ರಾಣಿ, ಅದಕ್ಕೆ ನಾಲ್ಕು ಕಾಲುಗಳಿವೆ" ಎಂಬುದು ಪ್ರಸಿದ್ಧವಾದ ಪ್ರಾರಂಭ. ತರ್ಕವನ್ನು ಓದಿದವರಿಗೆ ಇದನ್ನು ಕಂಡರೆ ನಗು ಬಾರದಿರದು. ಲಕ್ಷಣದೋಷಗಳನ್ನು ತಿಳಿಸುವಾಗ ನೈಯಾಯಿಕರು ಹಿಡಿದು ತರುವುದೂ ಹಸುವನ್ನೇ ಅಷ್ಟೆ. ಕೊಂಬುಳ್ಳದ್ದು ಹಸುವೆಂದರೆ ಎಮ್ಮೆಯಲ್ಲಿ ಅತಿವ್ಯಾಪ್ತಿ, ಕಪಿಲವರ್ಣದ್ದೆಂದರೆ ಬಿಳಿಯ ಹಸುವಿನಲ್ಲಿ ಅವ್ಯಾಪ್ತಿ, ಒಂಟಿಗೊರಸಿನದೆಂದರೆ ಅಸಂಭವ, ಗಂಗೆದೊಗಲುಳ್ಳದ್ದೆಂಬುದೇ ನಿರ್ದುಷ್ಟವಾದ ಲಕ್ಷಣ. ನಾಲ್ಕು ಕಾಲಿನ ಸಾಕುಪ್ರಾಣಿಯೆಂದರೆ ನಾಯಿಯೂ ಕತ್ತೆಯೂ ಹಸುಗಳಾಗುವುವು. ಆದರೆ ಈ ಆಕ್ಷೇಪವನ್ನು ಮಗುವಿನ ಮೇಲೆ ಹೊರಿಸತಕ್ಕದ್ದಲ್ಲ. ಲಕ್ಷಣವನ್ನು ಅದರಿಂದ ಬಯಸಿದ್ದೇ ತಪ್ಪು. ಉದ್ದೇಶ, ಲಕ್ಷಣ, ಪರೀಕ್ಷೆ ಎಂಬ ಮೂರು ಬಗೆಯ ಪ್ರವೃತ್ತಿಯನ್ನು ವಾತ್ಸ್ಯಾಯನನು ನ್ಯಾಯಭಾಷ್ಯದಲ್ಲಿ ಹೇಳಿರುವುದು ಶಾಸ್ತ್ರಕ್ಕೆ. ಅಲ್ಲಿ ವಸ್ತುವು ವಿವಾದಾಸ್ಪದವಾದುದು. ಹಿತ್ತಲಲ್ಲಿ ಕಟ್ಟಿರುವ ಹಸುವಿನಲ್ಲಿ ವಿವಾದವೆಲ್ಲಿಯದು?

ಪ್ರಾಚೀನರೂ ನಿಯತವಾದ ಮಂಗಳದಿಂದಲೇ ಆರಂಭಿಸುತ್ತಿದ್ದರಲ್ಲವೆ ಎಂದು ಕೆಲವರು ಕೇಳಬಹುದು. ದಂಡಿಯು ಕಾವ್ಯಾದರ್ಶದಲ್ಲಿ ಮಹಾಕಾವ್ಯಕ್ಕೆ ಆಶೀರ್ವಾದ, ನಮಸ್ಕಾರ, ವಸ್ತುನಿರ್ದೇಶ ಎಂಬ ಮೂರು ಮುಖಗಳನ್ನು ಹೇಳಿ, ಅವುಗಳಲ್ಲಿ ವಿಕಲ್ಪವನ್ನೂ ಕೊಟ್ಟಿದ್ದಾನೆ. ಕಾಳಿದಾಸನು ರಘುವಂಶವನ್ನು ನಮಸ್ಕಾರದಿಂದಲೂ ಕುಮಾರಸಂಭವವನ್ನು ಹಿಮಾಲಯದ ವರ್ಣನೆಯಿಂದಲೂ ತೊಡಗಿದನು. ಹಿಮವಂತನು ಪಾರ್ವತಿಯ ತಂದೆ. ಅವನಿಲ್ಲದೆ ಆ ಕಥೆಯು ನಿಲ್ಲದು. ಅದೇ ಪರ್ವತವನ್ನು ರಘುವಂಶದ ಆದಿಯಲ್ಲಿಟ್ಟರೆ ಹೊಂದದು. ಭಾರವಿಯಂತೂ, ಮಂಗಳಕ್ಕೆ ಶ್ರೀಶಬ್ದವೊಂದೇ ಸಾಕೆಂದು ಬಗೆದವನಂತೆ, ಗೂಢಚಾರನಾದ ವನೇಚರನು ದ್ವೈತವನದಲ್ಲಿ ಯುಧಿಷ್ಠಿರನ ಬಳಿಗೆ ಬಂದಲ್ಲಿಂದಲೇ ಕಿರಾತಾರ್ಜುನೀಯವನ್ನು ಆರಂಭಿಸಿಬಿಟ್ಟನು. ಆದುದರಿಂದ ಪೀಠಿಕೆಯನ್ನು ಪರೀಕ್ಷಿಸಬೇಕಾದರೆ, ಅದನ್ನು ಕಿತ್ತು ಬೇರೊಂದು ಪ್ರಬಂಧಕ್ಕೆ ಅಂಟಿಸಿ ನೋಡತಕ್ಕದ್ದು. ಅಂಟಿಕೊಂಡರೆ ಅದು ಪೀಠಿಕೆಯಲ್ಲ.

ಇನ್ನು ಎಳೆಯರಿಗೆ ಹೇಳಿಕೊಡುವ ಬಗೆ. ಶಾಸ್ತ್ರಾರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ತಿಳಿಸುವುದು ಸಂಪ್ರದಾಯ. ಎಂಟೊಂಬತ್ತು ವರ್ಷದ ಮಕ್ಕಳಿಗೆ ಮೊದಲಿನ ಮೂರರ ಗೊಡವೆ ಬೇಡ. ಅಧಿಕಾರಿಯೊಬ್ಬನಿದ್ದರೆ ಸಾಕು, ಎಂದರೆ, "ಇದನ್ನು ಯಾರಿಗೆ ಹೇಳುತ್ತಿರುವೆಯಪ್ಪ?" ಎಂಬ ಪ್ರಶ್ನೆ. ಅನ್ನಂಭಟ್ಟನು ತರ್ಕಸಂಗ್ರಹದ ಮೊದಲಲ್ಲಿಯೇ ತಾನು ಬರೆಯುವುದು ಬಾಲಕರ ಸುಖಬೋಧಕ್ಕೆಂದು ಹೇಳಿಕೊಂಡಿದ್ದಾನೆ. ಕನ್ನಡದಲ್ಲಿ ಇದಕ್ಕಿಂತ ರಮಣೀಯವಾದ ನಿದರ್ಶನವು ಮುದ್ದಣನದು (1870–1901). ರಾಮಾಶ್ವಮೇಧದ ಆದಿಯಲ್ಲಿ ಯಾವ ಕಥೆ ಬೇಕು, ಪದ್ಯವೋ ಗದ್ಯವೋ ಎಂಬುದೆಲ್ಲವೂ ಮನೋರಮೆಯ ಬಾಯಿಂದಲೇ ತೀರ್ಮಾನವಾಗುವುದು. ಕೇಳುವವಳು ಎದುರಿಗೆ ಕುಳಿತಿರುವುದರಿಂದ ಹೇಳುವವನಿಗೆ ಮಾತು ತಾನಾಗಿ ಒದಗುವುದು.

"ನಮ್ಮೂರ ಜಾತ್ರೆ" ಎಂಬ ವಿಷಯವನ್ನು ಕೊಟ್ಟು ಬರೆಯೆಂದರೆ, ಮಗುವು ಜಾತ್ರೆಗಳು ನಮ್ಮ ಸಂಸ್ಕೃತಿಯ ಪ್ರತೀಕಗಳೆಂದು ತೊಡಗಿ, ಮುಂದೇನೂ ತೋರದೆ ಲೇಖನಿಯನ್ನು ಕಚ್ಚುತ್ತ ಕುಳಿತುಕೊಳ್ಳುವುದು. ಮಂಡಿನೋವಿನಿಂದ ಮನೆಯಲ್ಲಿಯೇ ಉಳಿದ ಅಜ್ಜಿಗೆ ಹೇಳೆಂದರೆ, "ಅಜ್ಜೀ, ಈ ಸಲ ತೇರು ಬಾವಿಯ ಹತ್ತಿರ ನಿಂತುಬಿಟ್ಟಿತು" ಎಂದು ಥಟ್ಟನೆ ಹೇಳುವುದು. ಪೀಠಿಕೆಯು ಅದೇ. ಏಕೆ ನಿಂತಿತು, ಯಾರು ಸನ್ನೆಗೋಲು ಹಾಕಿದರು, ಜನರೇನೆಂದರು ಎಂದು ಅಜ್ಜಿಯು ಕೇಳದಿರುವಳೆ? ಆ ಪ್ರಶ್ನೆಗಳ ಉತ್ತರವೇ ವಿಷಯನಿರೂಪಣೆ. ಉಪಾಧ್ಯಾಯರು ಮಾಡತಕ್ಕದ್ದಿಷ್ಟೆ: ಇಂತಹ ನಾಲ್ಕಾರು ಮಾತುಗಳನ್ನು ಮಕ್ಕಳಿಂದ ಬಾಯಲ್ಲಿಯೇ ಹೇಳಿಸಿ ಹಲಗೆಯ ಮೇಲೆ ಬರೆದು, ಯಾವುದನ್ನು ಕೇಳಿದರೆ ಮುಂದಿನದನ್ನು ಕೇಳಬೇಕೆನ್ನಿಸುವುದೆಂದು ಅವರನ್ನೇ ವಿಚಾರಿಸಬೇಕು. ಉತ್ತರದಲ್ಲಿ ಒಮ್ಮತವಿರದು, ಇರಬೇಕಾಗಿಯೂ ಇಲ್ಲ. ಕೆಲವರಿಗೆ ಮೊದಲ ಮಾತು ಹೊಳೆಯದೆಯೇ ಇರಬಹುದು. ಅಂಥವರು ನಡುವಿನಿಂದ ಬರೆದುಕೊಂಡು ಹೋಗಿ, ಮೇಲೆ ಬಿಟ್ಟ ಜಾಗವನ್ನು ಕಡೆಗೆ ತುಂಬಲಿ.

ಪರೀಕ್ಷೆಯಲ್ಲಿ ಅಂಕಗಳು ಹೋದಾವೆಂಬ ಭೀತಿಯನ್ನು ಅನೇಕ ಉಪಾಧ್ಯಾಯರಲ್ಲಿ ಕಂಡಿದ್ದೇನೆ. ಅಂಜುಬುರುಕ ಮಗುವಿಗೆ ಸಿದ್ಧವಾಕ್ಯವು ಊರುಗೋಲಾಗುವುದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಾಲು ಗಟ್ಟಿಯಿರುವವರಿಗೂ ಊರುಗೋಲನ್ನು ಹಂಚುವುದೇಕೆ? "ದೊಣ್ಣೆಗೆ ನಿಮಿಷ" ಎಂಬುದನ್ನು ವಿಸ್ತರಿಸಬೇಕಾದ ಬಾಲಕನು, ತನ್ನ ತಂಗಿ ಬೆಳಗಿನಿಂದ ಬಿಡಿಸಿದ ರಂಗವಲ್ಲಿಯನ್ನು ಕರುವೊಂದು ತುಳಿದುಹೋದುದನ್ನು ಮೊದಲು ಬರೆಯಲಿ. ಗಾದೆಯನ್ನು ಆಮೇಲೆ ಹೇಳಲಿ.