ಕಾಯಬೇಕಾದ ಡಿಸ್ಕ್, ಕಾಯಬಾರದ ಡಿಸ್ಕ್

2007ರಲ್ಲಿ ಮೋಸರ್ ಬೇರ್ ಕಂಪನಿ ಸಿನಿಮಾ ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಬೆಲೆ ಕಟ್ಟಿ ಮಾರುಕಟ್ಟೆಗೆ ಬಂತು. ಅಲ್ಲಿಯವರೆಗೆ ಅಸಲಿ ಡಿವಿಡಿ ಎಂದರೆ ನೂರಾರು ರೂಪಾಯಿ. ಫುಟ್‌ಪಾತಿನ ನಕಲಿಗೇ ಜನ ಒಗ್ಗಿಹೋಗಿದ್ದರು. ಅಸಲಿಯೇ 34 ರೂಪಾಯಿಗೆ ಸಿಗುವಾಗ ನಕಲಿ ಯಾರಿಗೆ ಬೇಕು? ಆಗ ಸಿನಿಮಾ ಪ್ರಿಯರ ಮನೆಗಳಲ್ಲಿ ಡಿಸ್ಕ್‌ಗಳು ರಾಶಿ ಬಿದ್ದವು. ಕಾಲ ತಿರುಗಿತು. 2018ರಲ್ಲಿ ಅದೇ ಕಂಪನಿಯನ್ನು ಮುಚ್ಚಿ ಆಸ್ತಿ ವಿಲೇವಾರಿ ಮಾಡಲು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ಆದೇಶಿಸಿತು. ಊರೂರಿನ ಕ್ಯಾಸೆಟ್ ಅಂಗಡಿಗಳು ಅಷ್ಟರಲ್ಲಾಗಲೇ ಮೊಬೈಲ್ ಅಂಗಡಿಗಳಾಗಿದ್ದವು.

ಈಗ ಹೊಸ ಬ್ಲೂ-ರೇ ಒಂದರ ಬೆಲೆ ನೋಡಿ ‘ಇದು ಉಳ್ಳವರ ಹವ್ಯಾಸ’ ಎಂದು ಕೈಬಿಟ್ಟವರು ಅನೇಕರು. ನಾನು ಒಪ್ಪುವುದಿಲ್ಲ. ಒಟಿಟಿಯಲ್ಲಿ ಇವತ್ತು ಇರುವ ಚಿತ್ರ, ಹಕ್ಕಿನ ಅವಧಿ ಮುಗಿದರೆ ನಾಳೆ ಇರುವುದಿಲ್ಲ. ಡಿಸ್ಕ್‌ಗೆ ಚಂದಾ ಇಲ್ಲ, ಇಂಟರ್ನೆಟ್ ಬೇಡ, ಕೊಂಡವರ ಹೊರತು ಬೇರೆ ಯಾರೂ ಅದನ್ನು ಕಪಾಟಿನಿಂದ ತೆಗೆಯುವಂತಿಲ್ಲ. ಇಷ್ಟೆಲ್ಲ ಇದ್ದೂ ಡಿಸ್ಕ್ ಕೂಡಿಡುವ ಹವ್ಯಾಸವನ್ನು ಮಿತವ್ಯಯದಲ್ಲೇ ಮಾಡಬಹುದು. ಅದಕ್ಕೆ ತಿಳಿದಿರಬೇಕಾದ ಮುಖ್ಯ ಸಂಗತಿ ಒಂದೇ: ಯಾವ ಡಿಸ್ಕ್‌ಗೆ ಕಾಯಬೇಕು, ಯಾವುದಕ್ಕೆ ಕಾಯಬಾರದು. ನಮ್ಮಲ್ಲಿ ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ. ಹಾಲಿವುಡ್ ಚಿತ್ರದ ಹೊಸ ಡಿಸ್ಕನ್ನು ಬಿಡುಗಡೆಯ ವಾರವೇ ಪೂರ್ಣ ಬೆಲೆ ಕೊಟ್ಟು ತರಿಸುತ್ತಾರೆ. ಗುಜರಿಯಲ್ಲಿ ಕಂಡ ಕನ್ನಡ ಚಿತ್ರದ ಡಿಸ್ಕನ್ನು ‘ಮುಂದಿನ ಸಲ ನೋಡೋಣ’ ಎಂದು ಅಲ್ಲೇ ಬಿಟ್ಟು ಬರುತ್ತಾರೆ.

ಮೊದಲು ಕಾಯಬೇಕಾದವು. ದೊಡ್ಡ ಸ್ಟುಡಿಯೋಗಳ ಡಿಸ್ಕ್ ಬಿಡುಗಡೆಯ ದಿನ ಅತ್ಯಂತ ದುಬಾರಿ. ಕೆಲವು ತಿಂಗಳು ಕಳೆದರೆ ಬೆಲೆ ತಾನಾಗಿ ಇಳಿಯುತ್ತದೆ, ನವೆಂಬರಿನ ಬ್ಲ್ಯಾಕ್ ಫ್ರೈಡೆ ಹೊತ್ತಿಗೆ ಇನ್ನಷ್ಟು. ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಅಚ್ಚುಕಟ್ಟಾಗಿ ಹೊರತರುವ ಅಮೆರಿಕದ ಕ್ರೈಟೀರಿಯನ್ ಸಂಸ್ಥೆಯ ಬ್ಲೂ-ರೇಗೆ ಮುದ್ರಿತ ಬೆಲೆ ಸುಮಾರು 40 ಡಾಲರ್. ಆದರೆ ಅಲ್ಲಿನ ಬಾರ್ನ್ಸ್ ಅಂಡ್ ನೋಬಲ್ ಪುಸ್ತಕ ಮಳಿಗೆಗಳು ಜುಲೈ ಮತ್ತು ನವೆಂಬರಿನಲ್ಲಿ ಅದೇ ಡಿಸ್ಕ್‌ಗಳನ್ನು ಅರ್ಧ ಬೆಲೆಗೆ ಮಾರುತ್ತ ಬಂದಿವೆ. ಕ್ರೈಟೀರಿಯನ್ ತಾನೇ ಆಗಾಗ ಒಂದು ದಿನದ ಮಟ್ಟಿಗೆ ಅರ್ಧ ಬೆಲೆಯ ಮಾರಾಟ ನಡೆಸುತ್ತದೆ. ಇದು ಗೊತ್ತಿದ್ದವರು ಜೂನಿನಲ್ಲಿ ಪೂರ್ಣ ಬೆಲೆ ಕೊಡುವುದಿಲ್ಲ. ಬೇಕಾದವುಗಳ ಪಟ್ಟಿ ಬರೆದಿಟ್ಟುಕೊಂಡು ಜುಲೈಗೆ ಕಾಯುತ್ತಾರೆ.

ಟಿವಿ ಸರಣಿಗಳಿಗಂತೂ ಕಾಯುವುದೇ ಲಾಭ. ಪ್ರತಿ ಸೀಸನ್ನನ್ನೂ ಬಂದಂತೆ ಕೊಂಡವರು ಕೊಟ್ಟ ಹಣಕ್ಕಿಂತ, ಸರಣಿ ಮುಗಿದ ಮೇಲೆ ಬರುವ ಇಡೀ ಕಟ್ಟಿನ ಬೆಲೆ ಸಾಮಾನ್ಯವಾಗಿ ಬಹಳ ಕಡಿಮೆ. ಹೊಸ ಆವೃತ್ತಿಯೇ ಒಳ್ಳೆಯದು ಎಂಬ ನಂಬಿಕೆಯನ್ನೂ ಇಲ್ಲಿ ಬಿಡಬೇಕು. ‘ದಿ ವೈರ್’ ಸರಣಿಯ 60 ಕಂತುಗಳನ್ನು ಹಳೆಯ ಟಿವಿಯ 4:3 ಚೌಕಟ್ಟಿಗೆಂದೇ ಸಂಯೋಜಿಸಿ ಚಿತ್ರಿಸಲಾಗಿತ್ತು. 2015ರಲ್ಲಿ ಬಂದ ಬ್ಲೂ-ರೇಯಲ್ಲಿ ಅದನ್ನು ಅಗಲ ಪರದೆಗೆ ಹಿಗ್ಗಿಸಿ ಮರುಹೊಂದಿಸಿದರು. ಸ್ಪಷ್ಟತೆ ಹೆಚ್ಚಿತು, ಆದರೆ ಅಂಚಿನಲ್ಲಿ ಕಾಣಬಾರದ್ದು ಕಾಣತೊಡಗಿತು, ಮೂಲದ ಇಕ್ಕಟ್ಟು ಸಡಿಲವಾಯಿತು. ಮೂಲ ಚೌಕಟ್ಟು ಬೇಕಾದವರಿಗೆ ಹಳೆಯ ಡಿವಿಡಿಯೇ ಗತಿ, ಅದೇ ಅಗ್ಗ ಕೂಡ. ‘ಫ್ರೆಂಡ್ಸ್’ ಕೂಡ ಹಾಗೆಯೇ. 2012ರ ಬ್ಲೂ-ರೇಯಲ್ಲಿರುವುದು ಟಿವಿಯಲ್ಲಿ ಪ್ರಸಾರವಾದ ಕಂತುಗಳು. ಅಮೆರಿಕದ ಹಳೆಯ ಡಿವಿಡಿಗಳಲ್ಲಿ ಹೆಚ್ಚುವರಿ ದೃಶ್ಯಗಳಿರುವ ಉದ್ದನೆಯ ಕಂತುಗಳಿವೆ.

ಇದಕ್ಕೆ ತದ್ವಿರುದ್ಧದ ಉದಾಹರಣೆ ಸತ್ಯಜಿತ್ ರಾಯ್ ಅವರ ಅಪು ತ್ರಿವಳಿ. 1993ರಲ್ಲಿ ಲಂಡನ್ನಿನ ಪ್ರಯೋಗಾಲಯವೊಂದರ ಬೆಂಕಿಯಲ್ಲಿ ಅದರ ಮೂಲ ನೆಗೆಟಿವ್‌ಗಳು ಸುಟ್ಟವು. ಉಳಿದ ಭಾಗಗಳನ್ನು ಇಟಲಿಯ ಬೊಲೊನ್ಯಾದ ಲ’ಇಮ್ಮಾಜಿನೆ ರಿತ್ರೊವಾತಾ ಪ್ರಯೋಗಾಲಯದಲ್ಲಿ ದುರಸ್ತಿ ಮಾಡಿ, ಇಲ್ಲದ ಕಡೆ ಬೇರೆ ಪ್ರತಿಗಳಿಂದ ತುಂಬಿಸಿ ಮಾಡಿದ ಹೊಸ ಮುದ್ರಣವನ್ನು ಕ್ರೈಟೀರಿಯನ್ 2015ರಲ್ಲಿ ಡಿಸ್ಕಿಗೆ ತಂದಿತು. ಅದನ್ನು ಒಮ್ಮೆ ನೋಡಿದವರು ಹಳೆಯ ಡಿವಿಡಿ ಪುಕ್ಕಟೆ ಸಿಕ್ಕರೂ ಮುಟ್ಟಲಾರರು. ಹಾಗಾಗಿ ಬೆಲೆ ನೋಡುವ ಮೊದಲು ಮುದ್ರಣ ನೋಡಿ. ಅಗ್ಗವೆಂದು ಕೊಂಡು, ತೃಪ್ತಿಯಾಗದೆ ಮತ್ತೊಂದನ್ನು ಕೊಳ್ಳುವುದಕ್ಕಿಂತ ದುಬಾರಿ ವ್ಯವಹಾರ ಇನ್ನೊಂದಿಲ್ಲ.

ಅದೇ ರೀತಿ ದುಡ್ಡು ಪೋಲಾಗುವ ಇನ್ನೊಂದು ದಾರಿ ವಲಯ ಸಂಕೇತ, ಅಂದರೆ ಒಂದು ಪ್ರದೇಶದ ಡಿಸ್ಕ್ ಬೇರೆ ಪ್ರದೇಶದ ಪ್ಲೇಯರಿನಲ್ಲಿ ಓಡದಂತೆ ಹಾಕುವ ಬೀಗ. ಡಿವಿಡಿಯ ಲೆಕ್ಕದಲ್ಲಿ ಅಮೆರಿಕ 1, ಯುರೋಪ್ ಮತ್ತು ಜಪಾನ್ 2, ಭಾರತ 5. ಬ್ಲೂ-ರೇಗೆ ಅಮೆರಿಕ ‘ಎ’, ಯುರೋಪ್ ಮತ್ತು ಆಸ್ಟ್ರೇಲಿಯಾ ‘ಬಿ’, ಭಾರತ ‘ಸಿ’. ಕ್ರೈಟೀರಿಯನ್‌ನ ಅಮೆರಿಕದ ಬ್ಲೂ-ರೇಗಳು ‘ಎ’ಗೆ ಬೀಗ ಹಾಕಿಕೊಂಡೇ ಬರುತ್ತವೆ, ಇಲ್ಲಿ ಕೊಂಡ ಸಾಧಾರಣ ಪ್ಲೇಯರಿನಲ್ಲಿ ಓಡುವುದಿಲ್ಲ. 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕ್‌ಗಳಿಗೆ ಈ ಬೀಗವಿಲ್ಲ. ಆದರೆ ಅದೇ ಪೆಟ್ಟಿಗೆಯಲ್ಲಿ ಜೊತೆಗೆ ಬರುವ ಬ್ಲೂ-ರೇಗೆ, ವಿಶೇಷ ಸಂದರ್ಶನಗಳೆಲ್ಲ ಇರುವ ಡಿಸ್ಕಿಗೆ, ಬೀಗ ಇರಬಹುದು. ಕಂಪ್ಯೂಟರಿನ ಡಿವಿಡಿ ಡ್ರೈವ್ ವಲಯ ಬದಲಿಸಲು ಒಟ್ಟು ಐದು ಸಲ ಮಾತ್ರ ಬಿಡುತ್ತದೆ, ಆಮೇಲೆ ಕೊನೆಯ ವಲಯಕ್ಕೇ ಅಂಟಿಕೊಳ್ಳುತ್ತದೆ. ಪರದೇಶದ ಡಿಸ್ಕ್ ತರಿಸುವ ಇರಾದೆ ಇದ್ದರೆ ಎಲ್ಲ ವಲಯಗಳನ್ನೂ ಓದುವ ಪ್ಲೇಯರಿಗೆ ಮೊದಲು ಹಣ ಹಾಕಿ. ಇಲ್ಲವಾದರೆ ಮನೆಯಲ್ಲಿ ಮಕ್ಕಳ ಆಟಕ್ಕೆಂದು ತಂದ, ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5 ಇದೆಯೇ ನೋಡಿಕೊಳ್ಳಿ. ಅದು 4ಕೆ ಡಿಸ್ಕ್‌ಗಳನ್ನೂ ಓದುತ್ತದೆ. ಬೇರೆ ಪ್ಲೇಯರಿನ ಖರ್ಚು ಉಳಿಯುತ್ತದೆ.

ಬ್ರಿಟನ್ನಿನ ಹಳೆಯ ಡಿವಿಡಿಗಳು ಬಹಳ ಅಗ್ಗ. ಅವುಗಳಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸೆಕೆಂಡಿಗೆ 24 ಚೌಕಟ್ಟಿನ ಸಿನಿಮಾವನ್ನು ಅಲ್ಲಿನ ಟಿವಿ ಪದ್ಧತಿಗೆ ಹೊಂದಿಸಲು 25ರ ವೇಗದಲ್ಲಿ ಓಡಿಸುತ್ತಾರೆ. 150 ನಿಮಿಷದ ಚಿತ್ರ 144 ನಿಮಿಷಕ್ಕೇ ಮುಗಿಯುತ್ತದೆ. ಧ್ವನಿಯನ್ನು ಸರಿಪಡಿಸದಿದ್ದರೆ ಶ್ರುತಿಯೂ ಏರುತ್ತದೆ. ಮಾತಿನ ಚಿತ್ರಗಳಲ್ಲಿ ಇದು ತಿಳಿಯಲಿಕ್ಕಿಲ್ಲ. ಹಾಡಿನ ಚಿತ್ರವಾದರೆ ಸಂಗೀತ ಬಲ್ಲ ಕಿವಿಗೆ ಕಿರಿಕಿರಿ. ಹಾಡಿನ ಚಿತ್ರಗಳನ್ನು ಬ್ಲೂ-ರೇಯಲ್ಲೇ ಕೊಳ್ಳಿ.

ಹೊರದೇಶದಿಂದ ನೇರವಾಗಿ ತರಿಸಿದರೆ ಅಂಚೆ ಖರ್ಚು, ಕಸ್ಟಮ್ಸ್ ಸುಂಕ ಸೇರಿ ಅರ್ಧ ಬೆಲೆಯ ಸಂತೋಷ ಅಲ್ಲೇ ಕರಗುತ್ತದೆ. ಒಂದೊಂದಾಗಿ ತರಿಸುವುದಂತೂ ಶುದ್ಧ ನಷ್ಟ. ಅಮೆರಿಕ, ಇಂಗ್ಲೆಂಡಿನಲ್ಲಿ ಅಣ್ಣನೋ ಅಕ್ಕನ ಮಗಳೋ ಇಲ್ಲದ ಕನ್ನಡದ ಮನೆಗಳು ಈಗ ಕಡಿಮೆ. ಮಾರಾಟದ ದಿನ ಅವರ ವಿಳಾಸಕ್ಕೆ ತರಿಸಿಟ್ಟು, ಅವರು ಊರಿಗೆ ಬರುವಾಗ ತರಿಸಿಕೊಳ್ಳುವುದೇ ಜಾಣತನ. ಪ್ರಯಾಣಿಕರ ಸಾಮಾನಿಗೆ ನಿಗದಿತ ಮೊತ್ತದವರೆಗೆ ಸುಂಕದ ವಿನಾಯಿತಿ ಇದೆ. ಅವರ ಪೆಟ್ಟಿಗೆಯ ಭಾರದ ಬಗೆಗೂ ಕಾಳಜಿ ಇರಲಿ. ಒಂದು ಡಿಸ್ಕಿನ ತೂಕ ಸುಮಾರು 16 ಗ್ರಾಂ ಅಷ್ಟೇ, ಭಾರವೆಲ್ಲ ಪ್ಲಾಸ್ಟಿಕ್ ಡಬ್ಬಿಯದು. ಡಬ್ಬಿ ಬಿಟ್ಟು, ಮೇಲುಹೊದಿಕೆಯ ಕಾಗದ ಮತ್ತು ಡಿಸ್ಕನ್ನು ಮೆತ್ತನೆಯ ಲಕೋಟೆಯಲ್ಲಿ ತಂದರೆ ಸಾಕು. ಖಾಲಿ ಡಬ್ಬಿ ಇಲ್ಲೇ ಸಿಗುತ್ತದೆ.

ಇನ್ನು ಸೆಕೆಂಡ್ ಹ್ಯಾಂಡ್. ಉಳಿತಾಯದ ನಿಜವಾದ ಗಣಿ ಇದು: ಬೆಂಗಳೂರಿನ ಸಂಡೇ ಬಜಾರ್, ಹಳೆಯ ಪುಸ್ತಕದ ಅಂಗಡಿಗಳು, ಮನೆ ಖಾಲಿ ಮಾಡುವವರು, ಗುಜರಿ. ಆದರೆ ನೋಡಿ ಕೊಳ್ಳುವ ಕಣ್ಣು ಬೇಕು. ಡಿಸ್ಕನ್ನು ಅಂಚಿನಲ್ಲಿ ಹಿಡಿದು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ತಿರುಗಿಸಿ. ಅಡಿಭಾಗ ಬೆಳ್ಳಿಯ ಬಣ್ಣದ್ದಾದರೆ ಕಾರ್ಖಾನೆಯಲ್ಲಿ ಒತ್ತಿದ್ದು. ನೇರಳೆ ಛಾಯೆ ಇದ್ದರೆ ಬರೆದ ಡಿಸ್ಕ್, ಹೆಚ್ಚಾಗಿ ನಕಲಿ. ಬರೆದ ಡಿಸ್ಕಿನ ಬಣ್ಣದ ಪದರ ಬಿಸಿಲು, ಶಾಖಕ್ಕೆ ಕೆಡುವಂಥದ್ದು. ಹತ್ತು ರೂಪಾಯಿಗೂ ಕೊಳ್ಳಬೇಡಿ. ನಡುವಿನಿಂದ ಅಂಚಿಗೆ ನೇರವಾಗಿ ಎಳೆದಂತಿರುವ ಗೀರು ಅಷ್ಟು ಅಪಾಯಕಾರಿಯಲ್ಲ. ಸುತ್ತಲೂ ಬಳೆಯಂತೆ ಬಿದ್ದ ಗೀರು ಕೆಟ್ಟದ್ದು, ಏಕೆಂದರೆ ಅದು ಮಾಹಿತಿಯ ಸಾಲಿನ ಉದ್ದಕ್ಕೂ ಸಾಗುತ್ತದೆ. ವಿಸಿಡಿಯಲ್ಲಿ ಮೇಲ್ಭಾಗವನ್ನೇ ಹೆಚ್ಚು ಗಮನಿಸಬೇಕು. ಅದರ ಹೊಳೆಯುವ ಪದರ ಲೇಬಲ್ಲಿನ ತೀರ ಕೆಳಗೇ ಇದೆ. ಲೇಬಲ್ ಕಿತ್ತರೆ ಸಿನಿಮಾವೂ ಕಿತ್ತುಹೋಗುತ್ತದೆ. ಡಿವಿಡಿಯಲ್ಲಿ ಆ ಪದರ ಎರಡು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಸುರಕ್ಷಿತ.

ಓಡಿಸಿ ನೋಡಲು ಬಿಟ್ಟರೆ ಮೊದಲ ದೃಶ್ಯ ನೋಡಿ ತೃಪ್ತರಾಗಬೇಡಿ. ಪ್ಲೇಯರ್ ಡಿಸ್ಕನ್ನು ಒಳಗಿನಿಂದ ಹೊರಕ್ಕೆ ಓದುತ್ತದೆ, ಹಾಳಾಗುವುದು ಹೆಚ್ಚಾಗಿ ಹೊರ ಅಂಚಿನಲ್ಲಿ. ಒಂದೇ ಪದರದ ಡಿಸ್ಕ್ ಆದರೆ ಕೊನೆಯ ದೃಶ್ಯಗಳನ್ನು ಹಾಕಿ ನೋಡಿ. ಎರಡು ಪದರದ ಡಿವಿಡಿಯಲ್ಲಿ ಓದು ಸಾಮಾನ್ಯವಾಗಿ ಹೊರ ಅಂಚಿಗೆ ಹೋಗಿ ಅಲ್ಲಿಂದ ಒಳಕ್ಕೆ ಮರಳುತ್ತದೆ, ಆದ್ದರಿಂದ ಮಧ್ಯಂತರದ ಆಸುಪಾಸಿನ ದೃಶ್ಯ ನೋಡಿ. 2006ರಿಂದ 2008ರ ನಡುವೆ ತಯಾರಾದ ವಾರ್ನರ್ ಬ್ರದರ್ಸ್‌ನ ಕೆಲವು ಡಿವಿಡಿಗಳು ಗೀರಿಲ್ಲದೆಯೂ ಕೆಡುತ್ತಿವೆ ಎಂದು ಕಂಪನಿಯೇ 2025ರಲ್ಲಿ ಒಪ್ಪಿಕೊಂಡಿತು. ಆ ಕಾಲದ ವಾರ್ನರ್ ಡಿಸ್ಕ್‌ಗಳನ್ನು ಓಡಿಸಿ ನೋಡದೆ ಕೊಳ್ಳಬೇಡಿ.

ಈಗ ಕಾಯಬಾರದ ಡಿಸ್ಕ್‌ಗಳಿಗೆ ಬರೋಣ. ಅವು ಕನ್ನಡದವು. ಹಾಲಿವುಡ್ ಚಿತ್ರಕ್ಕೆ ಹತ್ತು ಆವೃತ್ತಿ ಬರುತ್ತವೆ. ಕನ್ನಡ ಚಿತ್ರಕ್ಕೆ ಒಂದು ವಿಸಿಡಿ, ಅದೃಷ್ಟವಿದ್ದರೆ ಒಂದು ಡಿವಿಡಿ, ಅಷ್ಟೇ. ಅದನ್ನು ಹೊರತಂದ ಕಂಪನಿ ಮುಚ್ಚಿದರೆ ಮತ್ತೆ ಅಚ್ಚಾಗುವುದಿಲ್ಲ. ಕಳೆದ ಮಳೆಗಾಲದಲ್ಲಿ ನಮ್ಮ ಬಡಾವಣೆಯ ಗುಜರಿ ಅಂಗಡಿಯಲ್ಲಿ ಪುಟ್ಟಣ್ಣ, ಸಿದ್ದಲಿಂಗಯ್ಯ, ಶಂಕರ್‌ನಾಗ್ ಚಿತ್ರಗಳ ವಿಸಿಡಿಗಳು ಚೀಲದಲ್ಲಿದ್ದವು. ಒಂದೊಂದನ್ನೇ ಬಿಡಿಸುತ್ತ ಕೂತೆ. ಅಂಗಡಿಯವರು ಕೇಳಿದರು: “ಏನ್ ಸಾರ್, ಇದನ್ ಹಾಕೋಕೆ ಪ್ಲೇಯರ್ ಇದ್ಯಾ ಮನೇಲಿ?” “ಇದೆ ಅಣ್ಣ. ಮೂರೂ ಡಿಸ್ಕ್ ಒಳಗಿದ್ಯಾ ನೋಡ್ಬೇಕಲ್ಲ.” ವಿಸಿಡಿಯೊಂದರಲ್ಲಿ ಹಿಡಿಸುವುದು 74ರಿಂದ 80 ನಿಮಿಷ, ಹಾಗಾಗಿ ಕನ್ನಡ ಚಿತ್ರಕ್ಕೆ ಎರಡು ಅಥವಾ ಮೂರು ಡಿಸ್ಕ್. ಗುಜರಿ ಸೇರುವ ಹೊತ್ತಿಗೆ ಒಂದು ತಪ್ಪಿಸಿಕೊಂಡಿರುತ್ತದೆ, ಇಲ್ಲವೇ ಬೇರೆ ಚಿತ್ರದ್ದು ಬಂದು ಕೂತಿರುತ್ತದೆ. ಎಲ್ಲವೂ ಇದ್ದರೆ ಮರುಮಾತಿಲ್ಲದೆ ಕೊಂಡುಕೊಳ್ಳಿ.

ಕನ್ನಡದಲ್ಲಿ ಆಯ್ಕೆ ಇದ್ದಾಗ ಒಂದು ಎಚ್ಚರಿಕೆ. ‘ಒಂದೇ ಡಿವಿಡಿಯಲ್ಲಿ ಮೂರು ಚಿತ್ರ’ ಲಾಭದಂತೆ ಕಾಣುತ್ತದೆ. ಲೆಕ್ಕ ಹಾಕಿ: ಎರಡೂವರೆ ಗಂಟೆಯ ಒಂದೇ ಚಿತ್ರ 8.5 ಜಿಬಿ ಡಿಸ್ಕಿನಲ್ಲಿದ್ದರೆ ಚಿತ್ರ, ಧ್ವನಿ ಸೇರಿ ಸೆಕೆಂಡಿಗೆ ಸುಮಾರು 75 ಲಕ್ಷ ಬಿಟ್‌ಗಳಿಗೆ ಜಾಗವಿದೆ. ಮೂರು ಚಿತ್ರ ತುರುಕಿದರೆ 25 ಲಕ್ಷ. ಡಿಸ್ಕ್ 4.7 ಜಿಬಿಯದಾದರೆ 14 ಲಕ್ಷ. ವಿಸಿಡಿಯದೂ ಹೆಚ್ಚುಕಡಿಮೆ ಅಷ್ಟೇ. ಹೊದಿಕೆಯ ಮೇಲೆ ಡಿವಿಡಿ ಎಂದಿರುತ್ತದೆ. ಮಳೆ, ಜಾತ್ರೆ, ಕುದುರೆಯೋಟದ ದೃಶ್ಯ ಬಂದ ಕೂಡಲೇ ಪರದೆ ಚೌಕಚೌಕವಾಗಿ ಒಡೆಯುತ್ತದೆ. ಒಂದೇ ಚಿತ್ರವಿರುವ ಡಿವಿಡಿ ಸಿಕ್ಕರೆ ಮೂರರ ಬೆಲೆ ಕೊಟ್ಟಾದರೂ ಅದನ್ನೇ ಆರಿಸಿ. ಕಾಯಬಾರದ ಪಟ್ಟಿಗೆ ಇನ್ನೊಂದನ್ನು ಸೇರಿಸಿಕೊಳ್ಳಿ: ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಸರಣಿಯ ಡಿವಿಡಿ ಕಟ್ಟು ಎಲ್ಲಾದರೂ ಕಂಡರೆ ಚೌಕಾಸಿಗೆ ನಿಲ್ಲಬೇಡಿ.

ಕಡೆಗೆ, ಉಳಿಸಿದ ಹಣ ಎಲ್ಲಿ ಹೋಗಬೇಕು ಎಂಬ ಮಾತು. ಗಿರೀಶ್ ಕಾಸರವಳ್ಳಿ ಅವರ 1977ರ ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸೆ ಅವರ ಫಿಲ್ಮ್ ಫೌಂಡೇಶನ್ ಜೊತೆಗೂಡಿ ಪುನರುಜ್ಜೀವನಗೊಳಿಸಿ, 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ಇಂಥ ಮುದ್ರಣದಲ್ಲಿ ಒಂದು ಕನ್ನಡ ಚಿತ್ರ ಡಿಸ್ಕಿಗೆ ಬಂದರೆ ರಿಯಾಯಿತಿಗಾಗಲಿ, ಸೆಕೆಂಡ್ ಹ್ಯಾಂಡ್ ಪ್ರತಿಗಾಗಲಿ ಕಾಯಬಾರದು. ಎರಡನೆಯ ಚಿತ್ರಕ್ಕೆ ಹಣ ಹಾಕಬೇಕೋ ಬೇಡವೋ ಎಂಬುದನ್ನು ಪ್ರಕಾಶಕರು ಮೊದಲ ಚಿತ್ರದ ಮಾರಾಟ ನೋಡಿಯೇ ತೀರ್ಮಾನಿಸುತ್ತಾರೆ. ಸೆಕೆಂಡ್ ಹ್ಯಾಂಡ್ ಮಾರಾಟ ಅವರ ಲೆಕ್ಕಕ್ಕೆ ಬರುವುದೇ ಇಲ್ಲ. ಕ್ರೈಟೀರಿಯನ್ ಡಿಸ್ಕಿಗೆ ಜುಲೈವರೆಗೆ ಕಾದು ಉಳಿಸಿದ ಇಪ್ಪತ್ತು ಡಾಲರನ್ನು ಅದಕ್ಕೆಂದೇ ತೆಗೆದಿಡಿ. ಕನ್ನಡದ ಡಿಸ್ಕನ್ನು ಬಿಡುಗಡೆಯ ದಿನವೇ, ಪೂರ್ಣ ಬೆಲೆಗೆ ಕೊಳ್ಳಿ.