ಜಾಝ್ ಪ್ಲೇಟುಗಳ ಬೆನ್ನು ಹತ್ತಿ

ಹಳೆಯ ಜಾಝ್ ಎಲ್‌ಪಿ ಕೈಗೆ ಸಿಕ್ಕಾಗ ಎಲ್ಲರೂ ಮೊದಲು ನೋಡುವುದು ಮುಂಭಾಗದ ಚಿತ್ರವನ್ನು. ನೀವು ಕವರು ತಿರುಗಿಸಿ ಅದರ ಬೆನ್ನು ನೋಡಿ. ಯಾರು ಯಾವ ವಾದ್ಯ ನುಡಿಸಿದರು ಎಂಬುದು ಅಲ್ಲಿ ಸಣ್ಣ ಅಕ್ಷರಗಳಲ್ಲಿರುತ್ತದೆ. ಎಷ್ಟೋ ಸಲ ಯಾವ ದಿನ, ಎಲ್ಲಿ ನುಡಿಸಿದರು ಎಂಬುದೂ ಇರುತ್ತದೆ. ಹರಾಜಿನ ಬೆಲೆ ನೋಡಿಯೋ ‘ಕೇಳಲೇಬೇಕಾದ ನೂರು’ ಪಟ್ಟಿ ಹಿಡಿದೋ ಹೊರಟವರಿಗಿಂತ ಆ ಹೆಸರುಗಳ ಬೆನ್ನು ಹತ್ತಿದವರಿಗೇ ಜಾಝ್ ಬೇಗ ಒಲಿಯುತ್ತದೆ ಎಂದು ನಾನು ನಂಬಿದ್ದೇನೆ.

ಶುರುವಿಗೆ ಒಂದೇ ಪ್ಲೇಟು ಸಾಕು: ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’. ನ್ಯೂಯಾರ್ಕಿನ 30ನೇ ಬೀದಿಯಲ್ಲಿ, ಮೊದಲು ಚರ್ಚಾಗಿದ್ದು ಆಮೇಲೆ ಕೊಲಂಬಿಯಾ ಕಂಪನಿಯ ಸ್ಟುಡಿಯೋ ಆದ ಎತ್ತರದ ಹಜಾರದಲ್ಲಿ, 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು ನುಡಿಸಿದ್ದು. ಮೈಲ್ಸ್ ಅವರದು ಟ್ರಂಪೆಟ್. ಟೆನರ್ ಸ್ಯಾಕ್ಸೊಫೋನ್ ಜಾನ್ ಕೋಲ್ಟ್ರೇನ್, ಆಲ್ಟೊ ಸ್ಯಾಕ್ಸೊಫೋನ್ ಕ್ಯಾನನ್‌ಬಾಲ್ ಆಡರ್ಲಿ, ಪಿಯಾನೊ ಬಿಲ್ ಇವಾನ್ಸ್, ಒಂದು ಕೃತಿಗೆ ಮಾತ್ರ ವಿಂಟನ್ ಕೆಲಿ, ಬಾಸ್ ಪಾಲ್ ಚೇಂಬರ್ಸ್, ಡ್ರಮ್ಸ್ ಜಿಮ್ಮಿ ಕಾಬ್. ಈ ಏಳು ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತವೆ.

ಮೊದಲ ಕೃತಿ ‘ಸೋ ವಾಟ್’. ಪಿಯಾನೊ ಮತ್ತು ಬಾಸ್ ತಾಳಕ್ಕೆ ಸಿಗದಂತೆ ಮೆಲ್ಲನೆ ಪೀಠಿಕೆ ಹಾಕುತ್ತವೆ. ಆಮೇಲೆ ಬಾಸ್ ಒಂದು ಪ್ರಶ್ನೆ ಕೇಳುತ್ತದೆ, ಉಳಿದವರು ಎರಡೇ ಸ್ವರದಲ್ಲಿ ಉತ್ತರ ಕೊಡುತ್ತಾರೆ. ಪಲ್ಲವಿ ಅಂದರೆ ಇಷ್ಟೇ. ನಾಲ್ಕು ಎಣಿಕೆಯ ಎಂಟು ಆವರ್ತ, ಮತ್ತೆ ಅದೇ ಎಂಟು, ಆಮೇಲೆ ಬೇರೆ ಶ್ರುತಿಯಲ್ಲಿ ಎಂಟು, ಕೊನೆಗೆ ಮೊದಲಿನ ಕಡೆಗೇ ಮರಳಿ ಎಂಟು, ಒಟ್ಟು 32. ಪಲ್ಲವಿ ಮುಗಿದ ಮೇಲೆ ಒಬ್ಬೊಬ್ಬರಾಗಿ ತಮ್ಮ ಮನೋಧರ್ಮ ತೋರುವುದು ಇದೇ 32ರ ಚೌಕಟ್ಟಿನೊಳಗೆ. ಮೈಲ್ಸ್ ಎರಡು ಸುತ್ತು ನುಡಿಸುತ್ತಾರೆ, ಕೋಲ್ಟ್ರೇನ್ ಎರಡು, ಆಡರ್ಲಿ ಎರಡು. ಮೈಲ್ಸ್ ಶುರು ಮಾಡುವ ಗಳಿಗೆಯಲ್ಲಿ ಕಾಬ್ ಅವರ ಸಿಂಬಲ್ ಒಮ್ಮೆ ಝಲ್ಲೆಂದು ಹೊಡೆದು, ಆ ನಾದ ಆರುವ ತನಕ ಹಜಾರದ ತುಂಬ ತೇಲುತ್ತದೆ. ಹಳೆಯ ಪ್ಲೇಟಿನಲ್ಲಿ ಅದನ್ನು ಕೇಳಿದವರು ಆ ಕೋಣೆಯ ಎತ್ತರವನ್ನೂ ಕೇಳಿದಂತೆ.

ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಇಲ್ಲಿ ಒಂದು ಅನುಕೂಲವಿದೆ, ಒಂದು ಅಚ್ಚರಿಯೂ ಇದೆ. ಈ ಕೃತಿ ನಿಂತಿರುವ ಡೋರಿಯನ್ ಮೋಡ್‌ನ ಸ್ವರಸ್ಥಾನಗಳು ನಮ್ಮ ಖರಹರಪ್ರಿಯದವೇ. ಗಮಕವಿಲ್ಲ, ರಾಗಸಂಚಾರವಿಲ್ಲ, ಆದರೂ ಸ್ವರಗಳು ಪರಿಚಿತ. ಮೂರನೆಯ ಎಂಟಕ್ಕೆ ಬಂದೊಡನೆ ಇಡೀ ಖರಹರಪ್ರಿಯ, ಷಡ್ಜದ ಸಮೇತ, ಅರ್ಧ ಸ್ವರ ಮೇಲಕ್ಕೆ ಜರುಗುತ್ತದೆ! ತಂಬೂರಿಯ ಷಡ್ಜ ಕದಲದ ಪದ್ಧತಿಯಿಂದ ಬಂದ ನಮಗೆ ಕಾಲಡಿಯ ನೆಲ ಸರಿದಂತಾಗುತ್ತದೆ. ಎಂಟು ಆವರ್ತ ಕಳೆದು ಅದು ಮತ್ತೆ ಕೆಳಕ್ಕಿಳಿದಾಗ ಆಗುವ ನೆಮ್ಮದಿಯೇ ಬೇರೆ. ಬೆರಳೆಣಿಸದೆ ಈ ಏರಿಳಿತ ಗುರುತಿಸುವಷ್ಟು ಕೇಳಿ. ಆಮೇಲೆ ಜಾಝಿನ ಬಹುಪಾಲು ಕೃತಿಗಳಲ್ಲಿ ನೀವು ದಾರಿ ತಪ್ಪುವುದಿಲ್ಲ.

ಅದೇ ಮಗ್ಗುಲನ್ನು ಬೇರೆ ಬೇರೆ ದಿನ ಹಾಕಿ, ಒಂದೊಂದು ದಿನ ಒಬ್ಬೊಬ್ಬರನ್ನೇ ಹಿಂಬಾಲಿಸಿ. ಮೊದಲು ಬಾಸ್. ಸ್ಪೀಕರಿನಲ್ಲಿ ಅದು ಕೇಳುವುದೇ ಇಲ್ಲವೆಂದು ಹೊಸಬರು ದೂರುತ್ತಾರೆ, ಒಮ್ಮೆ ಕೇಳಿಸಿತೆಂದರೆ ಮತ್ತೆ ಮರೆಯಾಗುವುದಿಲ್ಲ. ಇನ್ನೊಂದು ದಿನ ಡ್ರಮ್ಸ್. ಚಿಟಿಕೆ ಹಾಕುವುದಾದರೆ ನಾಲ್ಕು ಎಣಿಕೆಯಲ್ಲಿ ಒಂದು, ಮೂರಕ್ಕೆ ಬೇಡ. ಎರಡು, ನಾಲ್ಕಕ್ಕೆ ಹಾಕಿ. ಆಗ ಸ್ವಿಂಗ್ ಎಂಬುದು ಮೈಗೇ ತಿಳಿಯುತ್ತದೆ. ಸೋಲೊಗಳನ್ನು ಕೊನೆಗೆ ಇಟ್ಟುಕೊಳ್ಳಿ. ಕೆಳಗೆ ನಡೆಯುತ್ತಿರುವ ಮಾತುಕತೆ ತಿಳಿದ ಮೇಲೆ ಕೋಲ್ಟ್ರೇನ್ ಅಷ್ಟು ಸ್ವರಗಳನ್ನು ಯಾಕೆ ಸುರಿಯುತ್ತಾರೆ, ಮೈಲ್ಸ್ ಯಾಕೆ ಅಷ್ಟೊಂದು ಬಿಟ್ಟುಬಿಡುತ್ತಾರೆ ಎಂಬುದಕ್ಕೆ ವಿವರಣೆಯೇ ಬೇಕಾಗುವುದಿಲ್ಲ.

ಈ ಪ್ಲೇಟಿನ ಹಳೆಯ ಪ್ರತಿಗಳಲ್ಲಿ ಒಂದು ವಿಶೇಷವಿದೆ. ಮಾರ್ಚ್ ತಿಂಗಳ ಮುದ್ರಣದ ದಿನ ಟೇಪ್ ಯಂತ್ರ ತುಸು ನಿಧಾನವಾಗಿ ಓಡಿತ್ತು. ಅದನ್ನು ಸರಿಯಾದ ವೇಗದಲ್ಲಿ ನುಡಿಸಿದಾಗ ಮೊದಲ ಮಗ್ಗುಲಿನ ಮೂರೂ ಕೃತಿಗಳ ಶ್ರುತಿ ಕೂದಲೆಳೆಯಷ್ಟು ಏರಿತು. 1992ರ ಮರುಮುದ್ರಣದಲ್ಲಷ್ಟೇ ಇದನ್ನು ತಿದ್ದಿದರು. ಶ್ರುತಿಪೆಟ್ಟಿಗೆ ಇಟ್ಟುಕೊಂಡು ಪರೀಕ್ಷಿಸಿದರೆ ಗೊತ್ತಾಗುತ್ತದೆ. ಅದಕ್ಕಾಗಿ ಹಳೆಯ ಪ್ರತಿಯನ್ನು ಬಿಡಬೇಡಿ. ಮೂವತ್ತಕ್ಕೂ ಹೆಚ್ಚು ವರ್ಷ ಜಗತ್ತು ಕೇಳಿ ಮರುಳಾದದ್ದು ಆ ಏರಿದ ಶ್ರುತಿಗೇ.

ಇಷ್ಟು ಸಾವಧಾನದ ನುಡಿಸಾಣಿಕೆ ಪ್ಲೇಟಿನಲ್ಲಿ ಹಿಡಿಸಿದ್ದು 1948ರಲ್ಲಿ ಕೊಲಂಬಿಯಾ ಎಲ್‌ಪಿ ತಂದ ಮೇಲೆ. ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಅವಕಾಶ ಸಿಕ್ಕಿತು. ಅದಕ್ಕೆ ಮುಂಚಿನ 78 ಆರ್‌ಪಿಎಂ ಪ್ಲೇಟಿನಲ್ಲಿ ಇದ್ದದ್ದು ಸುಮಾರು ಮೂರು ನಿಮಿಷ. ಲೂಯಿ ಆರ್ಮ್‌ಸ್ಟ್ರಾಂಗ್ 1928ರಲ್ಲಿ ಶಿಕಾಗೊದಲ್ಲಿ ನುಡಿಸಿದ ‘ವೆಸ್ಟ್ ಎಂಡ್ ಬ್ಲೂಸ್’ ಆ ಮೂರು ನಿಮಿಷದ ಪರಾಕಾಷ್ಠೆ. ಜೊತೆಗೆ ಯಾರೂ ಇಲ್ಲದೆ ಟ್ರಂಪೆಟ್ ಒಂದೇ ಎದ್ದು ಬರುವ ಅದರ ಆರಂಭ ಕೇಳಿದರೆ ಕಾಲದ ಇಕ್ಕಟ್ಟು ಕಲಾವಿದನನ್ನು ಎಷ್ಟು ಹರಿತಗೊಳಿಸುತ್ತದೆಂದು ತಿಳಿಯುತ್ತದೆ. ಆ ಪ್ಲೇಟುಗಳು ಅರಗಿನವು, ಅರಗಿನ ಬಹುಪಾಲು ಹೋಗುತ್ತಿದ್ದದ್ದು ನಮ್ಮ ದೇಶದಿಂದಲೇ. ಅವುಗಳಿಗೆ ಸ್ಪಿರಿಟ್ ಸೋಕಿಸಬೇಡಿ, ಅರಗು ಕರಗುತ್ತದೆ. ಎಲ್‌ಪಿಯ ಮುಳ್ಳನ್ನೂ ಇಳಿಸಬೇಡಿ. ಅರಗಿನ ಪ್ಲೇಟಿನ ಗೆರೆ ಅಗಲ, ಬೇರೆ ದಪ್ಪದ ಮುಳ್ಳು ಬೇಕು.

ಈಗ ಹೆಸರುಗಳ ಬೆನ್ನು ಹತ್ತೋಣ. ಪಾಲ್ ಚೇಂಬರ್ಸ್ ಅವರನ್ನು ಹಿಡಿದು ಹೋದರೆ ಕೋಲ್ಟ್ರೇನ್ ಅವರ ‘ಬ್ಲೂ ಟ್ರೇನ್’ ಸಿಗುತ್ತದೆ. 1957ರ ಸೆಪ್ಟೆಂಬರ್ 15ರಂದು ಬ್ಲೂ ನೋಟ್ ಕಂಪನಿಗಾಗಿ ಮುದ್ರಿಸಿದ್ದು. ಬರ್ಲಿನ್ನಿಂದ ವಲಸೆ ಬಂದ ಆಲ್ಫ್ರೆಡ್ ಲಯನ್ ಮತ್ತು ಫ್ರಾನ್ಸಿಸ್ ವೋಲ್ಫ್ ಬೆಳೆಸಿದ ಕಂಪನಿ ಅದು. ಮುದ್ರಿಸಿದವರು ರೂಡಿ ವ್ಯಾನ್ ಗೆಲ್ಡರ್, ವೃತ್ತಿಯಿಂದ ಕಣ್ಣು ಪರೀಕ್ಷಿಸುವವರು. ಸ್ಟುಡಿಯೋ ಎಂದರೆ ನ್ಯೂಜೆರ್ಸಿಯ ಹ್ಯಾಕನ್‌ಸ್ಯಾಕ್‌ನಲ್ಲಿದ್ದ ತಂದೆತಾಯಿಯ ಮನೆಯ ನಡುಮನೆ. ಪ್ಲೇಟನ್ನು ದೀಪಕ್ಕೆ ಓರೆ ಹಿಡಿದು, ಹಾಡು ಮುಗಿದ ಮೇಲೆ ಲೇಬಲ್ಲಿನ ತನಕ ಇರುವ ನುಣುಪು ಪಟ್ಟಿಯನ್ನು ನೋಡಿ. ‘ಆರ್‌ವಿಜಿ’ ಎಂದು ಗೀಚಿದ್ದರೆ ಆ ಅಚ್ಚನ್ನು ಕೊರೆದದ್ದು ಅವರೇ. ಕಿವಿಯ ಆಕಾರದ ಗುರುತೂ ಇದ್ದರೆ 1960ರ ದಶಕದ ನಡುವಿನವರೆಗೆ ಬ್ಲೂ ನೋಟ್ ಪ್ಲೇಟು ಒತ್ತಿದ ಪ್ಲಾಸ್ಟಿಲೈಟ್ ಕಾರ್ಖಾನೆಯದು. ಸಂಗ್ರಾಹಕರು ದೊಡ್ಡ ಮೊತ್ತ ಸುರಿಯುವುದು ಇದಕ್ಕೇ. ಹೊಸಬರಿಗೆ ನನ್ನ ಸಲಹೆ ಬೇರೆ: ಆ ಹಣದಲ್ಲಿ ಒಳ್ಳೆಯ ಮರುಮುದ್ರಣಗಳನ್ನು ಹತ್ತಾರು ಕೊಳ್ಳಬಹುದು. ಜಪಾನಿನಲ್ಲಿ ಒತ್ತಿದವು, 1980ರ ದಶಕದ ಒರಿಜಿನಲ್ ಜಾಝ್ ಕ್ಲಾಸಿಕ್ಸ್ ಸರಣಿಯವು ಕಿವಿಗೆ ಯಾವ ಕೊರತೆಯನ್ನೂ ಮಾಡುವುದಿಲ್ಲ.

ಮುಂಬಯಿಯ ಚೋರ್ ಬಜಾರಿನಲ್ಲಾಗಲಿ, ಕೋಲ್ಕತ್ತದ ಫ್ರೀ ಸ್ಕೂಲ್ ಸ್ಟ್ರೀಟಿನಲ್ಲಾಗಲಿ ಹಳೆಯ ಪ್ಲೇಟು ಕೊಳ್ಳುವಾಗ ಹೊಳಪಿಗೆ ಮಾರುಹೋಗಬೇಡಿ. ಕಣ್ಣಿಗಷ್ಟೇ ಕಾಣುವ ಕೂದಲಗೀರು ಹೆಚ್ಚಾಗಿ ಸದ್ದು ಮಾಡುವುದಿಲ್ಲ. ಉಗುರಿನ ತುದಿಗೆ ತಾಗುವ ಗೀರು ಪ್ರತಿ ಸುತ್ತಿಗೂ ಟಕ್ಕೆನ್ನುತ್ತದೆ. ಸವೆತ ಮೊದಲು ತಿಳಿಯುವುದು ಪ್ಲೇಟಿನ ಒಳಸುತ್ತುಗಳಲ್ಲಿ, ಟ್ರಂಪೆಟ್ ಒಡಕು ದನಿಯಲ್ಲಿ ಕೇಳಿದಾಗ. ಮನೆಗೆ ತಂದ ಮೇಲೆ ನೆಟ್ಟಗೆ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಿದರೆ ಸೊಟ್ಟಗಾಗುತ್ತವೆ.

ಕೋಲ್ಟ್ರೇನ್ ಅವರನ್ನು ಬಿಡದೆ ಹೋದರೆ 1964ರ ಡಿಸೆಂಬರಿನಲ್ಲಿ ಮುದ್ರಿಸಿದ ‘ಎ ಲವ್ ಸುಪ್ರೀಮ್’ ತಲುಪುತ್ತೀರಿ. ಅದರ ಡ್ರಮ್ಸ್ ಎಲ್ವಿನ್ ಜೋನ್ಸ್ ಅವರದು. ಮರುವರ್ಷ ಎಲ್ವಿನ್ ತಮ್ಮ ಹೆಸರಿನಲ್ಲಿ ‘ಡಿಯರ್ ಜಾನ್ ಸಿ.’ ತಂದರು. ಅದರ ಬೆನ್ನಿನಲ್ಲಿ ಆಲ್ಟೊ ಸ್ಯಾಕ್ಸೊಫೋನಿನ ಎದುರು ಇರುವ ಹೆಸರು ಚಾರ್ಲಿ ಮರಿಯಾನೊ. ಭಾರತಕ್ಕೆ ಬಂದು ನಾದಸ್ವರ ಕಲಿತ ಈ ಅಮೆರಿಕನ್ 1983ರ ‘ಜ್ಯೋತಿ’ ಎಂಬ ಇಸಿಎಂ ಕಂಪನಿಯ ಎಲ್‌ಪಿಯಲ್ಲಿ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದೊಡನೆ ನುಡಿಸಿದ್ದಾರೆ. ಹಾಡಿದವರು ಆರ್.ಎ. ರಮಾಮಣಿ, ಮೃದಂಗ ಟಿ.ಎ.ಎಸ್. ಮಣಿ. ಡ್ರಮ್ಸ್ ಇಲ್ಲ, ಪಿಯಾನೊ ಇಲ್ಲ, ಷಡ್ಜ ಕದಲುವುದಿಲ್ಲ. ಮರಿಯಾನೊ ಅವರ ಉಸಿರು ಮಾತ್ರ ಜಾಝಿನದು. ರಮಾಮಣಿಯವರ ಸ್ವರಗಳ ನಡುವೆ ಅವರು ಎಲ್ಲಿ ಕಾಯುತ್ತಾರೆ, ಎಲ್ಲಿ ಒಳಗೆ ಬರುತ್ತಾರೆ ಎಂಬುದನ್ನು ‘ಸೋ ವಾಟ್’ನ ಬಾಸನ್ನು ಹಿಂಬಾಲಿಸಿದಷ್ಟೇ ಗಮನವಿಟ್ಟು ಕೇಳಿ.