ಒಂದೇ ಪದಬಂಧ, ನಾಲ್ಕು ತಲೆ

ಪದಬಂಧ ಹುಟ್ಟಿದ್ದೇ ಕ್ರಿಸ್‌ಮಸ್ ಹೊಸ್ತಿಲಲ್ಲಿ. 1913ರ ಡಿಸೆಂಬರ್ 21, ಭಾನುವಾರ. 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯ 'ಫನ್' ಪುರವಣಿ ನೋಡಿಕೊಳ್ಳುತ್ತಿದ್ದವರು ಆರ್ಥರ್ ವಿನ್, ಲಿವರ್‌ಪೂಲ್‌ನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವರು. ವಜ್ರದಾಕಾರದಲ್ಲಿ ಮನೆಗಳನ್ನು ಜೋಡಿಸಿ, ನಡುವನ್ನು ಖಾಲಿ ಬಿಟ್ಟು, ತುದಿಯಲ್ಲಿ ಪುರವಣಿಯ ಹೆಸರನ್ನೇ ತುಂಬಿ ಓದುಗರ ಮುಂದಿಟ್ಟರು. ಕೊಟ್ಟ ಹೆಸರು 'ವರ್ಡ್-ಕ್ರಾಸ್'. ಕೆಲವು ವಾರಗಳಲ್ಲಿ ಅಚ್ಚುಮೊಳೆ ಜೋಡಿಸುವಾಗ ಹೆಸರು ಹಿಂದುಮುಂದಾಯಿತು, ಹಾಗೇ ಉಳಿದುಹೋಯಿತು. ಆ ಮೊದಲ ಪದಬಂಧದಲ್ಲಿ 'ಡವ್' ಎಂಬ ಉತ್ತರ ಎರಡು ಸಲ ಬಂದಿದೆ. ಗೊಮುಟಿ ತಾಳೆಯ ನಾರಿಗೆ ಏನೆನ್ನುತ್ತಾರೆ ಎಂಬ ಪ್ರಶ್ನೆಯೂ ಇದೆ. ಪಾರಿವಾಳ ಮಗುವಿಗೂ ಗೊತ್ತು. ತಾಳೆಯ ನಾರಿಗೆ ಮಾತ್ರ ಪಕ್ಕದವರನ್ನು ಕೇಳಲೇಬೇಕು.

ಹಾಗೆ ಕೇಳುವುದರಲ್ಲೇ ಈ ಆಟದ ಸುಖವಿದೆ. ವರ್ಷವಿಡೀ ಒಬ್ಬೊಬ್ಬರೇ ಕಾಫಿ ಲೋಟದ ಪಕ್ಕ ಇಟ್ಟುಕೊಂಡು ಬಿಡಿಸುವ ಪದಬಂಧ, ರಜೆಯಲ್ಲಿ ನಾಲ್ಕು ಜನರ ನಡುವೆ ಬಂದು ಕೂತಾಗ ತನ್ನ ಪೂರ್ಣ ರುಚಿ ಬಿಟ್ಟುಕೊಡುತ್ತದೆ.

1924ರಲ್ಲಿ ಸೈಮನ್ ಅಂಡ್ ಶುಸ್ಟರ್ ಎಂಬ ಹೊಸ ಪ್ರಕಾಶನ ಸಂಸ್ಥೆ ಪದಬಂಧಗಳ ಪುಸ್ತಕ ತಂದಿತು, ಪ್ರತಿಗೊಂದು ಪೆನ್ಸಿಲ್ ಜೊತೆಗಿಟ್ಟು. ಅಮೆರಿಕಕ್ಕೆ ಹುಚ್ಚು ಹಿಡಿಯಿತು. ಅದೇ ವರ್ಷ ಇದನ್ನು ವ್ಯರ್ಥ ಕಾಲಹರಣವೆಂದು ಜರಿದಿದ್ದ 'ನ್ಯೂಯಾರ್ಕ್ ಟೈಮ್ಸ್' 1942ರ ಫೆಬ್ರವರಿಯಲ್ಲಿ, ಪರ್ಲ್ ಹಾರ್ಬರ್ ದಾಳಿಯ ಬೆನ್ನಿಗೇ, ತಾನೂ ಪದಬಂಧ ಶುರುಮಾಡಿತು. ಯುದ್ಧದ ಸುದ್ದಿಯಿಂದ ಕಂಗೆಟ್ಟ ಓದುಗರಿಗೆ ಮನಸ್ಸು ನಿಲ್ಲಿಸಲು ಒಂದು ಜಾಗ ಬೇಕಾಗಿತ್ತು.

ರಜೆಗೆಂದೇ ದೊಡ್ಡ ಪದಬಂಧ ಹೆಣೆಯುವ ಕಲೆಯನ್ನು ಪಕ್ವಗೊಳಿಸಿದ್ದು ಬ್ರಿಟನ್. ಅಲ್ಲಿನ 'ಗಾರ್ಡಿಯನ್' ಪತ್ರಿಕೆಗೆ 1958ರಿಂದ ಪದಬಂಧ ಹೆಣೆದ ಪಾದ್ರಿ ಜಾನ್ ಗ್ರಹಾಂ ಅವರ ಕಾವ್ಯನಾಮ 'ಅರಾಕೇರಿಯ'. ಮಂಕಿ ಪಜಲ್ ಎಂದು ಕರೆಯುವ ಮರದ ಸಸ್ಯಶಾಸ್ತ್ರೀಯ ಹೆಸರದು. ಅವರು ರೂಪಿಸಿದ ಒಂದು ಬಗೆಯಲ್ಲಿ ಸುಳಿವುಗಳಿಗೆ ಸಂಖ್ಯೆಯೇ ಇರುವುದಿಲ್ಲ. ಉತ್ತರಗಳನ್ನು ಮೊದಲು ಕಂಡುಹಿಡಿದು, ಯಾವುದು ಎಲ್ಲಿ ಕೂರುತ್ತದೆ ಎಂದು ಆಮೇಲೆ ಜೋಡಿಸಬೇಕು. ಒಬ್ಬರು ಪದ ಹೇಳಲು, ಇನ್ನೊಬ್ಬರು ಜಾಗ ಹುಡುಕಲು: ಮನೆ ತುಂಬ ಜನರಿದ್ದಾಗ ಇದಕ್ಕಿಂತ ಒಳ್ಳೆಯ ಪದಬಂಧ ಸಿಗದು. ತಮಗೆ ಅನ್ನನಾಳದ ಕ್ಯಾನ್ಸರ್ ಆಗಿರುವ ಸುದ್ದಿಯನ್ನು ಓದುಗರಿಗೆ ಅವರು ತಿಳಿಸಿದ್ದೂ ಒಂದು ಪದಬಂಧದ ಉತ್ತರಗಳ ಮೂಲಕವೇ. 2013ರ ನವೆಂಬರಿನಲ್ಲಿ, ತಮ್ಮ 92ನೇ ವಯಸ್ಸಿನಲ್ಲಿ, ತೀರಿಕೊಂಡರು.

ಅದೇ ದೇಶದ ಗೂಢಚಾರ ಸಂಸ್ಥೆ ಜಿಸಿಎಚ್‌ಕ್ಯು 2015ರ ಕ್ರಿಸ್‌ಮಸ್ ಕಾರ್ಡಿನಲ್ಲಿ ಅಂಕಿಗಳ ಒಂದು ಒಗಟು ಕಳಿಸಿತು. ಮನೆಗಳಿಗೆ ಸರಿಯಾಗಿ ಕಪ್ಪು ತುಂಬಿದರೆ ಕ್ಯೂಆರ್ ಕೋಡ್ ಮೂಡುತ್ತಿತ್ತು, ಅದರಾಚೆ ಇನ್ನಷ್ಟು ಹಂತಗಳು. ಎಲ್ಲ ಉತ್ತರಗಳನ್ನೂ ಸರಿಯಾಗಿ ಕೊಟ್ಟವರು ಕೊನೆಗೂ ಒಬ್ಬರೂ ಇರಲಿಲ್ಲ.

ಕನ್ನಡದ ಪದಬಂಧದ ಮರ್ಮವೇ ಬೇರೆ. ಇಂಗ್ಲಿಷಿನ ಒಂದು ಮನೆಗೆ 26 ಸಾಧ್ಯತೆ, ಅಷ್ಟೆ. ನಮ್ಮ ಮನೆಯಲ್ಲಿ ಕೂರುವುದು ಕಾಗುಣಿತ, ಒತ್ತು ಎಲ್ಲವನ್ನೂ ಹೊತ್ತ ಇಡೀ ಅಕ್ಷರ. 34 ವ್ಯಂಜನ, ತಲಾ 15 ರೂಪ ಎಂದರೆ 510 ಆಯಿತು. ಒತ್ತಕ್ಷರಗಳು ಇನ್ನೂ ಲೆಕ್ಕಕ್ಕೇ ಬಂದಿಲ್ಲ. 'ಸ್ತ್ರೀ' ಎಂಬ ಇಡೀ ಪದ ಒಂದೇ ಮನೆಯಲ್ಲಿ ಮುಗಿದುಹೋಗುತ್ತದೆ. ಅದನ್ನು ಮೇಲಿನಿಂದ ಕೆಳಕ್ಕೆ ಹಾಯುವ ಇನ್ನೊಂದು ಪದ ಹುಡುಕಬೇಕಾದ ರಚನಕಾರರ ಕಷ್ಟ ಊಹಿಸಿದರೆ, ಕನ್ನಡ ಪದಬಂಧಗಳಲ್ಲಿ ಕಪ್ಪು ಮನೆ ಹೆಚ್ಚು ಎಂದು ದೂರುವ ಮನಸ್ಸಾಗದು.

ಬಿಡಿಸುವವರಿಗೆ ಇದರಿಂದ ಲಾಭವೇ. 'ಕಣ್ಣು (3)' ಎಂಬ ಸುಳಿವಿಗೆ ನಯನವೂ ಆಗುತ್ತದೆ, ಲೋಚನವೂ ಆಗುತ್ತದೆ. ಕೊನೆಯ ಮನೆಗೆ 'ನ' ಬಂದರೆ ಏನೂ ಇತ್ಯರ್ಥವಾಗದು. ನಡುವಿನ ಮನೆಗೆ 'ಯ' ಬಿತ್ತೋ, ತಕರಾರು ಮುಗಿಯಿತು. 'ಹಣ್ಣು ಹಿಂಡಿದ್ದು ಹಿಂತಿರುಗಿ ಕೊರಳೇರಿತು (2)' ಎಂದರೆ ರಸ ತಿರುಗಿ ಸರವಾಗುತ್ತದೆ. 'ವಿಕಟಕವಿ'ಯನ್ನು ಎತ್ತ ಕಡೆಯಿಂದ ಓದಿದರೂ ವಿಕಟಕವಿಯೇ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ತಿರುಗಿಸಿದರೆ ಆ ಚಮತ್ಕಾರ ಮಾಯ. ಅಕ್ಷರವೇ ಘಟಕವಾದ ಲಿಪಿಗೆ ದಕ್ಕುವ ಸೊಗಸು ಇದು.

ಹೆಸರಿನಲ್ಲಿರುವ 'ಬಂಧ'ಕ್ಕೂ ಹಳೆಯ ನಂಟಿದೆ. ಚಿತ್ರಕಾವ್ಯದ ಪದ್ಮಬಂಧ, ನಾಗಬಂಧಗಳಲ್ಲಿ ಕವಿಗಳು ತಾವರೆಯ ದಳಗಳಲ್ಲಿ, ಹಾವಿನ ಸುತ್ತುಗಳಲ್ಲಿ ಅಕ್ಷರ ಕೂರಿಸಿ, ಗೆರೆಗಳು ಕೂಡುವ ಕಡೆ ಒಂದೇ ಅಕ್ಷರ ಎರಡೂ ಕಡೆಯ ಓದಿಗೆ ಒದಗುವಂತೆ ಮಾಡುತ್ತಿದ್ದರು. ಅವಧಾನದ ನಿಷೇಧಾಕ್ಷರಿಯಲ್ಲಿ ಪೃಚ್ಛಕರು ಹೆಜ್ಜೆಹೆಜ್ಜೆಗೂ ಒಂದು ಅಕ್ಷರವನ್ನು ಬೇಡವೆನ್ನುತ್ತಾರೆ, ಅವಧಾನಿ ಇನ್ನೊಂದು ದಾರಿ ಹಿಡಿದು ಪದ್ಯ ಮುಂದುವರಿಸುತ್ತಾರೆ. ಸಭೆಯ ನಡುವೆ ಆಡುವ ಪದಬಂಧವೆಂದರೆ ಅದೇ.

ವರ್ಷದ ಕೊನೆಗೆ ಮಕ್ಕಳು ಊರಿಗೆ ಬಂದಾಗ ಮನೆಯಲ್ಲೇ ಅಂಥ ಸಭೆ ಸೇರುತ್ತದೆ. 'ಅಭಿಮನ್ಯುವಿನ ಮಗ (4)' ಎಂದು ಯಾರೋ ಓದುವಷ್ಟರಲ್ಲಿ ಅಜ್ಜಿ ಅಡುಗೆಮನೆಯಿಂದಲೇ 'ಪರೀಕ್ಷಿತ' ಎನ್ನುತ್ತಾರೆ. 'ರಾಜ್‌ಕುಮಾರ್ ರಾಜೀವನಾದ ಚಿತ್ರ (4,3)' ಮಾವನ ಪಾಲು. ಕ್ರಿಕೆಟ್ಟು ಮೊಮ್ಮಗನದು. ಯಾರಿಗೂ ಬಾರದ ಐದಕ್ಷರದ ಗಿಡದ ಹೆಸರು ಸಂಜೆಯವರೆಗೂ ಎಲ್ಲರ ತಲೆಯಲ್ಲಿ ಸುತ್ತುತ್ತಿರುತ್ತದೆ. ಅಷ್ಟು ಹೊತ್ತು ಯಾರೂ ಫೋನಿನಲ್ಲಿ ಹುಡುಕಬಾರದು. ಈ ಒಂದು ಕಟ್ಟುಪಾಡನ್ನು ಬಿಗಿಯಾಗಿ ಪಾಲಿಸಬೇಕು. ಉತ್ತರ ತಾನಾಗಿ ನೆನಪಾದ ಕ್ಷಣದ ಹಿಗ್ಗನ್ನು ಫೋನು ಕಿತ್ತುಕೊಳ್ಳುತ್ತದೆ.

ಎಸ್ಕೇಪ್ ರೂಮ್ ಈ ಮನೆತನದ ಕಿರಿಯ ಕುಡಿ. ಕಂಪ್ಯೂಟರ್ ಪರದೆಯ ಮೇಲೆ ಬೀಗ ಹಾಕಿದ ಕೋಣೆಯಿಂದ ಪಾರಾಗುವ ಆಟವನ್ನು ನಿಜವಾದ ಕೋಣೆಗೆ ತಂದವರು ಜಪಾನಿನ ತಕಾವೊ ಕಾತೊ, 2007ರಲ್ಲಿ, ಕ್ಯೋಟೊದಲ್ಲಿ. 2011ರಲ್ಲಿ ಬುಡಾಪೆಸ್ಟ್‌ನಲ್ಲಿ 'ಪ್ಯಾರಾಪಾರ್ಕ್' ತೆರೆಯಿತು. ಈಗ ಬೆಂಗಳೂರಿನಲ್ಲೂ ಇಂಥ ಕೋಣೆಗಳಿವೆ. ಸಾಮಾನ್ಯವಾಗಿ ಒಂದು ಗಂಟೆಯ ಗಡುವು. ಸೋಲುವ ತಂಡಗಳು ಹೆಚ್ಚಾಗಿ ಸೋಲುವುದು ಬುದ್ಧಿ ಸಾಲದೆ ಅಲ್ಲ, ಕಂಡದ್ದನ್ನು ಬಾಯಿಬಿಟ್ಟು ಹೇಳದೆ. ಒಬ್ಬರ ಕೈಯಲ್ಲಿ ಕೀಲಿ, ಕೋಣೆಯ ಇನ್ನೊಂದು ಮೂಲೆಯಲ್ಲಿ ಬೀಗದ ಮುಂದೆ ಮತ್ತೊಬ್ಬರು. ಸಿಕ್ಕಿದ್ದನ್ನೆಲ್ಲ ಕೂಗಿ ಹೇಳುವ ಹನ್ನೆರಡು ವರ್ಷದ ಹುಡುಗಿಯೊಬ್ಬಳು ತಂಡದಲ್ಲಿದ್ದರೆ ಅರ್ಧ ಗೆದ್ದಂತೆ.

ಒಳಗೆ ಕಾಲಿಡುವ ಮುಂಚೆ ಒಂದು ಮಾತು ಕೇಳಲೇಬೇಕು: ತುರ್ತಿನಲ್ಲಿ ಬಾಗಿಲು ಒಳಗಿನಿಂದ ತೆರೆಯುತ್ತದೆಯೇ? 2019ರ ಜನವರಿ 4ರಂದು ಪೋಲೆಂಡಿನ ಕೊಶಾಲಿನ್ ಪಟ್ಟಣದ ಎಸ್ಕೇಪ್ ರೂಮಿನಲ್ಲಿ ಬೆಂಕಿ ಹೊತ್ತಿಕೊಂಡಾಗ, ಗೆಳತಿಯ ಹುಟ್ಟುಹಬ್ಬಕ್ಕೆ ಸೇರಿದ್ದ 15 ವರ್ಷದ ಐವರು ಹುಡುಗಿಯರು ಹೊರಬರಲಾಗದೆ ಪ್ರಾಣ ಬಿಟ್ಟರು. ಬೀಗ ಆಟದ್ದಾಗಿರಬೇಕು, ಬಾಗಿಲಿನದ್ದಲ್ಲ.

ಊರಲ್ಲೇ ಉಳಿಯುವವರಿಗೆ ಹಳೆಯ ಟ್ರಂಕು, ನಂಬರ್ ಬೀಗ, ನಾಲ್ಕು ಚೀಟಿ ಇದ್ದರೆ ಸಾಕು. ಟ್ರಂಕಿನೊಳಗೆ ಚಕ್ಕುಲಿ ಡಬ್ಬ ಇಟ್ಟರೆ ಮಕ್ಕಳು ಬೇಗ ಬಿಡಿಸುತ್ತಾರೆ. ಕೊನೆಯ ಚೀಟಿಗೆ ಬೇಕಿದ್ದರೆ ಈ ಸುಳಿವನ್ನು ಬರೆಯಬಹುದು, ಉತ್ತರ ಮುಂದಿನ ವಾರ: 'ಹಿಂದಿನಿಂದ ಓದಿದರೂ ಹೊಸ ಬದುಕೇ (5)'.